9 ವೋಲ್ಟ್ ಬ್ಯಾಟರಿ ಇನ್ನು ಸಾಕು

ಪ್ರಾಜೆಕ್ಟ್ ಎಕ್ಸಿಬಿಷನ್ ದಿನ ಯಾವ ಟೇಬಲ್ ನೋಡಿದರೂ ಅದೇ ಚಿತ್ರ. ಒಂದು ಆರ್ಡುಯಿನೋ ಊನೋ, ಎರಡು ಮೂರು ಎಲ್‌ಇಡಿ, ಪಕ್ಕದಲ್ಲಿ ಟೇಪ್ ಸುತ್ತಿದ 9 ವೋಲ್ಟ್ ಬ್ಯಾಟರಿ. ಮಧ್ಯಾಹ್ನದ ಹೊತ್ತಿಗೆ ಎಲ್‌ಇಡಿ ಮಂಕು, "ಸರ್, ಬೆಳಿಗ್ಗೆ ವರ್ಕ್ ಆಗ್ತಿತ್ತು" ಅನ್ನೋ ಡೈಲಾಗ್ ಶುರು. ಈ ಬ್ಯಾಟರಿಯ ಸಹವಾಸ ನಾವೆಲ್ಲ ಬಿಡಬೇಕು ಅನ್ನೋದು ನಮ್ಮ ವಾದ.

ಲೆಕ್ಕ ನೋಡಿ. ಊನೋ ಬೋರ್ಡ್ ಸುಮ್ಮನೆ ಕೂತಿದ್ದರೂ ಸುಮಾರು 50 ಮಿಲಿಆಂಪ್ ಎಳೆಯುತ್ತೆ. ಒಳ್ಳೆಯ ಆಲ್ಕಲೈನ್ 9 ವೋಲ್ಟ್ ಬ್ಯಾಟರಿಯಲ್ಲಿ ಇರೋದೇ 500 ಮಿಲಿಆಂಪ್-ಅವರ್ ಆಸುಪಾಸು. ಅಂದರೆ ಹತ್ತು ಗಂಟೆ, ಅದೂ ಕಾಗದದ ಮೇಲೆ. ಅಂಗಡಿಯ ಅಗ್ಗದ ಜಿಂಕ್-ಕಾರ್ಬನ್ ಬ್ಯಾಟರಿ ಇನ್ನೂ ಬೇಗ ಕೈ ಕೊಡುತ್ತೆ. ಜೊತೆಗೆ ಬೋರ್ಡಿನ ಲೀನಿಯರ್ ರೆಗ್ಯುಲೇಟರ್ 9 ವೋಲ್ಟನ್ನು 5ಕ್ಕೆ ಇಳಿಸುವಾಗ ಉಳಿದ 4 ವೋಲ್ಟ್ ಬರೀ ಬಿಸಿಯಾಗಿ ಹೋಗುತ್ತೆ. ನೂರು ರೂಪಾಯಿಯಲ್ಲಿ 44 ರೂಪಾಯಿ ಬೀದಿಗೆ ಚೆಲ್ಲಿದ ಹಾಗೆ.

ಸ್ಲೀಪ್ ಮೋಡ್ ಹಾಕಿದ್ರೆ ಆಯ್ತಲ್ಲ ಅಂತೀರಾ? ಊನೋದಲ್ಲಿ ಅದರಿಂದ ದೊಡ್ಡ ಲಾಭ ಇಲ್ಲ. ಮುಖ್ಯ ಚಿಪ್ ಮಲಗಿದರೂ ಯುಎಸ್‌ಬಿ ಚಿಪ್, ರೆಗ್ಯುಲೇಟರ್, 'ಆನ್' ಎಲ್‌ಇಡಿ ಎಲ್ಲ ಎದ್ದೇ ಇರುತ್ತವೆ.

ಈಗ ಮನೆಯ ಟಿವಿ ರಿಮೋಟ್ ನೆನಪು ಮಾಡಿಕೊಳ್ಳಿ. ಅದರೊಳಗೂ ಒಂದು ಪುಟ್ಟ ಮೈಕ್ರೋಕಂಟ್ರೋಲರ್, ಒಂದು ಇನ್‌ಫ್ರಾರೆಡ್ ಎಲ್‌ಇಡಿ, ಅಷ್ಟೇ. ಬಟನ್ ಒತ್ತಿದಾಗ ಎದ್ದು, ಎಲ್‌ಇಡಿಯನ್ನು ಚಿಕ್ಕ ಚಿಕ್ಕ ಪಲ್ಸ್‌ಗಳಲ್ಲಿ ಮಿನುಗಿಸಿ, ಮತ್ತೆ ಮಲಗುತ್ತೆ. ಎರಡು ಸಣ್ಣ ಸೆಲ್ಲಿನಲ್ಲಿ ವರ್ಷಗಟ್ಟಲೆ ನಡೆಯುತ್ತೆ. (ನಡುವೆ ಅಪ್ಪ ಅದಕ್ಕೆ ನಾಲ್ಕು ತಟ್ಟುತ್ತಾರೆ, ಅದು ಬೇರೆ ವಿಷಯ.)

ಇದು ನಮ್ಮ ಕೈಲೂ ಆಗುತ್ತೆ. ಊನೋದಲ್ಲಿರೋ ಅದೇ ಎಟಿಮೆಗಾ328ಪಿ ಚಿಪ್ ಹೊಸದೊಂದು ತಂದು ಬ್ರೆಡ್‌ಬೋರ್ಡ್ ಮೇಲೆ ಕೂರಿಸಿ. ಫ್ಯಾಕ್ಟರಿಯಿಂದ ಬರುವಾಗಲೇ ಅದು 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತೆ, ಕ್ರಿಸ್ಟಲ್ ಬೇಡ. 1.8 ವೋಲ್ಟ್‌ವರೆಗೂ ಕೆಲಸ ಮಾಡೋದರಿಂದ ಎರಡು ಎಎ ಸೆಲ್ ನೇರವಾಗಿ ಕೊಟ್ಟರೆ ಸಾಕು, ರೆಗ್ಯುಲೇಟರೂ ಬೇಡ. ಎಡಿಸಿ ಆಫ್ ಮಾಡಿ, ವಾಚ್‌ಡಾಗ್ ಟೈಮರ್ ಒಂದನ್ನೇ ಬಿಟ್ಟು ಮಲಗಿಸಿದರೆ 5 ಮೈಕ್ರೋಆಂಪ್ ಆಸುಪಾಸು. ಎಲ್‌ಇಡಿ ಕೆಂಪೇ ಇರಲಿ, ಅದಕ್ಕೆ 2 ವೋಲ್ಟ್ ಸಾಕು; ಬಿಳಿ, ನೀಲಿಗೆ 3 ವೋಲ್ಟ್ ಹತ್ತಿರ ಬೇಕು. 4 ಸೆಕೆಂಡಿಗೊಮ್ಮೆ 20 ಮಿಲಿಸೆಕೆಂಡ್, 4 ಮಿಲಿಆಂಪ್‌ನಲ್ಲಿ ಮಿನುಗಿಸಿದರೆ ಎಲ್‌ಇಡಿಯ ಸರಾಸರಿ 20 ಮೈಕ್ರೋಆಂಪ್. ಚಿಪ್ಪಿನದೂ ಸೇರಿ 30 ಅಂತಿಟ್ಟುಕೊಳ್ಳಿ. 2000 ಮಿಲಿಆಂಪ್-ಅವರ್ ಸೆಲ್‌ಗೆ ಅದು ಏಳು ವರ್ಷಕ್ಕೂ ಹೆಚ್ಚು! ಸೆಲ್ ಇಳಿದ ಹಾಗೆ ಬೆಳಕು ಮಂಕಾಗುತ್ತೆ, ಪೂರ್ತಿ ಏಳು ವರ್ಷ ಬರಲ್ಲ. ಅರ್ಧ ಬಂದರೂ ಅಷ್ಟರಲ್ಲಿ ನಮ್ಮ ಡಿಗ್ರಿ ಮುಗಿದಿರುತ್ತೆ.

ಊನೋ ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ಯುಎಸ್‌ಬಿಗೆ ಹಾಕಿ ಕಲಿಯೋಕೆ ಅದಕ್ಕಿಂತ ಸುಲಭದ್ದು ಸಿಗೋದು ಕಷ್ಟ. ಆದರೆ ಹೊಲದಲ್ಲಿಡೋ ಮಣ್ಣಿನ ತೇವದ ಸೆನ್ಸರ್ ಅಂತ ಪೋಸ್ಟರ್ ಹಾಕಿ, ಒಳಗೆ ಹತ್ತು ಗಂಟೆಯ ಬ್ಯಾಟರಿ ಇಟ್ಟರೆ, ದಿನಾ ಹೊಸ ಬ್ಯಾಟರಿ ಹಾಕೋಕೆ ಆ ರೈತ ಹೊಲಕ್ಕೆ ಹೋಗಬೇಕಾ?

ಮಿನಿ ಪ್ರಾಜೆಕ್ಟ್ ಮಾರ್ಕ್ಸ್ ಶೀಟಿನಲ್ಲಿ ರಿಪೋರ್ಟ್‌ಗೆ, ಪಿಪಿಟಿಗೆ, ವೈವಾಗೆ ಕಾಲಮ್ ಇದೆ. 'ಸರಾಸರಿ ಕರೆಂಟ್ ಎಷ್ಟು, ಬ್ಯಾಟರಿ ಎಷ್ಟು ದಿನ' ಅನ್ನೋ ಇನ್ನೊಂದು ಕಾಲಮ್ ಸೇರಿಸಿ, ಐದೇ ಮಾರ್ಕ್ಸ್ ಇಡಲಿ ಅಂತ ಡಿಪಾರ್ಟ್‌ಮೆಂಟನ್ನು ಕೇಳ್ತಿದ್ದೇವೆ. ಅಳೆಯೋಕೆ ಮಲ್ಟಿಮೀಟರ್ ಲ್ಯಾಬಿನಲ್ಲಿ ಇದ್ದೇ ಇದೆ.