ಎಂಎಸ್ ಬಂದಾಗಿದೆ, ಇನ್ನು ಸಿಗರೇಟು ಬಿಟ್ಟು ಏನು ಪ್ರಯೋಜನ?

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇರುವವರಿಗೆ ಸಿಗರೇಟು ಬಿಡಿ ಎಂದರೆ ಎರಡು ಉತ್ತರ ಬರುವುದುಂಟು. ‘ಕಾಯಿಲೆ ಬಂದಾಗಿದೆ, ಈಗ ಬಿಟ್ಟರೆ ಹೋಗುತ್ತದೆಯೇ?’ ಎಂಬುದು ಒಂದು. ‘ಬಿಟ್ಟರೆ ಟೆನ್ಷನ್ ಹೆಚ್ಚಿ ನರ ಇನ್ನಷ್ಟು ಹಾಳಾಗುತ್ತದೆ’ ಎಂಬುದು ಇನ್ನೊಂದು. ಜೊತೆಗೆ ‘ನಿಕೋಟಿನ್ ನರಗಳಿಗೆ ಒಳ್ಳೆಯದು’ ಎಂಬ ಫಾರ್ವರ್ಡ್ ಬಂದರಂತೂ ಕೇಳುವುದೇ ಬೇಡ.

ಮೊದಲ ಮಾತು ಅರ್ಧ ನಿಜ. ಸಿಗರೇಟು ಬಿಟ್ಟ ಮಾತ್ರಕ್ಕೆ ಎಂಎಸ್ ಹೋಗುವುದಿಲ್ಲ. ಅದು ಎಷ್ಟು ಬೇಗ ಉಲ್ಬಣಿಸುತ್ತದೆ ಎಂಬುದು ಮಾತ್ರ ಬೇರೆಯೇ ಪ್ರಶ್ನೆ.

ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನಮ್ಮ ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆ ಇದೆ. ಎಂಎಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳಲ್ಲಿ ಈ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ಕಣ್ಣು ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು ಇವೆಲ್ಲ ಅದರ ಲಕ್ಷಣಗಳು. ಹೆಚ್ಚಿನವರಲ್ಲಿ ಆರಂಭದಲ್ಲಿ ಇವು ಬಂದು ಹೋಗುತ್ತಿರುತ್ತವೆ. ವರ್ಷಗಳು ಕಳೆದಂತೆ ಹಲವರಲ್ಲಿ ಎರಡನೇ ಹಂತ ಶುರುವಾಗುತ್ತದೆ. ಆಗ ಚೇತರಿಕೆಯ ಬಿಡುವು ಕಡಿಮೆಯಾಗಿ ದೌರ್ಬಲ್ಯ ನಿಧಾನವಾಗಿ ಏರುತ್ತಲೇ ಹೋಗುತ್ತದೆ. ಎಂಎಸ್ ಬರೀ ವಿದೇಶಿಯರ ಕಾಯಿಲೆಯೂ ಅಲ್ಲ. ಮಂಗಳೂರಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 8 ಮಂದಿಯಲ್ಲಿ ಅದು ಕಂಡುಬಂದಿತ್ತು.

ಈಗ ಸಿಗರೇಟಿನ ವಿಷಯ. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ, ಬಂದಮೇಲೆ ಬಿಟ್ಟರೇನು ಎಂಬ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ಎಂಎಸ್ ಪತ್ತೆಯಾದಾಗ ಸೇದುತ್ತಿದ್ದ 728 ಮಂದಿಯ ಮಾಹಿತಿಯನ್ನು ಅವರು ನೋಡಿದರು. ಪತ್ತೆಯಾದ ಬಳಿಕ ಸೇದುತ್ತಾ ಕಳೆದ ಒಂದೊಂದು ವರ್ಷವೂ ಎರಡನೇ ಹಂತವನ್ನು ಸುಮಾರು ಶೇ 4.7ರಷ್ಟು ಬೇಗ ತರುತ್ತಿತ್ತು. ಆ ಹಂತ ಮುಟ್ಟಿದವರಲ್ಲಿ, ಸೇದುತ್ತಲೇ ಹೋದವರಿಗೆ ಅದು ಸುಮಾರು 48ನೇ ವಯಸ್ಸಿಗೆ ಬಂದಿತ್ತು. ಬಿಟ್ಟವರಿಗೆ ಬಂದದ್ದು 56ಕ್ಕೆ. ಮಕ್ಕಳ ಓದು, ಮನೆ ಸಾಲ, ನೌಕರಿ ಎಲ್ಲವೂ ಒಟ್ಟಿಗೆ ತಲೆಯ ಮೇಲಿರುವ ವಯಸ್ಸಿನಲ್ಲಿ 8 ವರ್ಷ ಸಣ್ಣ ಮಾತಲ್ಲ.

ಇಂಥವು ರೋಗಿಗಳನ್ನು ಗಮನಿಸಿ ಬರೆದ ಲೆಕ್ಕಗಳು. ಯಾರಿಗೂ ಸಿಗರೇಟು ಕೊಟ್ಟು ಪ್ರಯೋಗ ಮಾಡಲಾಗದು, ಹಾಗಾಗಿ ಸಂಶಯಕ್ಕೆ ಸ್ವಲ್ಪ ಜಾಗ ಇದ್ದೇ ಇದೆ. ಆದರೆ ಬ್ರಿಟನ್ನಿನ ಎಂಎಸ್ ರೋಗಿಗಳ ನೋಂದಣಿ ಆಧರಿಸಿ 2021ರಲ್ಲಿ ಬಂದ ಅಧ್ಯಯನವೂ ಇದೇ ದಿಕ್ಕನ್ನು ತೋರಿಸಿತು: ಸಿಗರೇಟು ಬಿಟ್ಟವರಲ್ಲಿ ಚಲನಶಕ್ತಿ ಕುಂದುವ ವೇಗ, ಎಂದೂ ಸೇದದವರ ಮಟ್ಟಕ್ಕೆ ಇಳಿದಿತ್ತು.

ಹಾಗಾದರೆ ನಿಕೋಟಿನ್ ಕಥೆ ಎಲ್ಲಿಂದ ಬಂತು? ಎಂಎಸ್ ಹೋಲುವ ಕಾಯಿಲೆ ಬರಿಸಿದ ಇಲಿಗಳಿಗೆ ನಿಕೋಟಿನ್ ಕೊಟ್ಟಾಗ ಲಕ್ಷಣಗಳು ಕಡಿಮೆಯಾದದ್ದು ನಿಜ. ಆ ಇಲಿಗಳು ಬೀಡಿ ಸೇದಿರಲಿಲ್ಲ, ಅಷ್ಟೇ. ಸ್ವೀಡನ್ನಿನಲ್ಲೇ 2009ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಸಿಗರೇಟು ಸೇದುವವರಿಗೆ ಎಂಎಸ್ ಬರುವ ಅಪಾಯ ಹೆಚ್ಚಿತ್ತು, ಆದರೆ ಸ್ನೂಸ್ ಎಂಬ ತಂಬಾಕನ್ನು ತುಟಿಯಡಿ ಇಟ್ಟುಕೊಳ್ಳುವವರಿಗೆ ಹೆಚ್ಚಿರಲಿಲ್ಲ. ಹೀಗಾಗಿ ಸಂಶೋಧಕರ ಅನುಮಾನ ಶ್ವಾಸಕೋಶದ ಮೇಲಿದೆ. ಹೊಗೆ ಅಲ್ಲಿ ಉರಿಯೂತ ಎಬ್ಬಿಸುತ್ತದೆ, ಅದು ರೋಗನಿರೋಧಕ ಕೋಶಗಳನ್ನು ಕೆರಳಿಸುತ್ತದೆ ಎಂಬುದು ಅವರ ವಾದ. ಇದನ್ನು ಓದಿ ಗುಟ್ಕಾ ಸೇಫ್ ಎಂದು ಫಾರ್ವರ್ಡ್ ಮಾಡಬೇಡಿ. ಬಾಯಿ ಕ್ಯಾನ್ಸರ್ ತರುವುದರಲ್ಲಿ ಅದರ ಪಾತ್ರದ ಬಗ್ಗೆ ಅನುಮಾನವೇ ಇಲ್ಲ.

ಟೆನ್ಷನ್ ವಿಚಾರ ಸ್ವಲ್ಪ ಸೂಕ್ಷ್ಮ. ಸೇದಿದ ತಕ್ಷಣ ಮನಸ್ಸು ಹಗುರಾಗುವುದು ಸುಳ್ಳಲ್ಲ, ಆದರೆ ಆ ಚಡಪಡಿಕೆ ಬಹುಪಾಲು ಹಿಂದಿನ ಸಿಗರೇಟಿನ ನಿಕೋಟಿನ್ ಇಳಿದದ್ದರಿಂದ ಬಂದದ್ದು. ಬಿಟ್ಟ ಮೊದಲ ಕೆಲವು ವಾರ ಕಷ್ಟ ಎಂಬುದನ್ನು ಮನೆಯವರೂ ಅರ್ಥಮಾಡಿಕೊಳ್ಳಬೇಕು. ಬೈದರೆ ಯಾರೂ ಬಿಡುವುದಿಲ್ಲ ಎಂದೇ ನಮ್ಮ ಅಭಿಪ್ರಾಯ. ಇನ್ನು ಎಂಎಸ್ ಇರುವವರ ಎದುರು ಬೇರೆಯವರು ಸೇದುವುದನ್ನಂತೂ ನಿಲ್ಲಿಸಬಹುದು.

ನಿಕೋಟಿನ್ ಪ್ಯಾಚ್, ಗಮ್ ಅಥವಾ ಮಾತ್ರೆ ಬೇಕೇ ಎಂಬುದನ್ನು ನಿಮ್ಮ ನರರೋಗ ತಜ್ಞರನ್ನೇ ಕೇಳಿ. ಎಂಎಸ್‌ಗೆ ನಡೆಯುತ್ತಿರುವ ಔಷಧಿಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1800-11-2356. ಕರೆ ಉಚಿತ, ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರ ಒಂದು ಕೇಂದ್ರ. ಸಂಖ್ಯೆ ಮರೆತರೆ ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿದೆ ನೋಡಿ.