‘ತಾಂತ್ರಿಕ ತೊಂದರೆ’ ಎಂಬ ಷರಾ ಸಾಲದು

ಆನ್‌ಲೈನ್ ಬೋಧನಾಭ್ಯಾಸದ ಅವಲೋಕನ ಹಾಳೆಗಳಲ್ಲಿ ನನಗೆ ಪದೇ ಪದೇ ಸಿಗುವ ಷರಾ ಒಂದೇ: ‘ತಾಂತ್ರಿಕ ತೊಂದರೆಯಿಂದ ಪಾಠ ಪೂರ್ಣಗೊಳ್ಳಲಿಲ್ಲ.’ ಬಿಡಿಸಿ ಕೇಳಿದರೆ ಹೆಚ್ಚಿನ ಸಲ ಅದು ಮೈಕ್. ಸಂಜಯನಗರದ ಯಾವುದೋ ಪಿ.ಜಿ. ಕೋಣೆಯಿಂದ ಪಾಠ ಮಾಡುತ್ತಿರುವ ಪ್ರಶಿಕ್ಷಣಾರ್ಥಿಯ ತುಟಿ ಅಲುಗುತ್ತದೆ, ದನಿ ಬರುವುದಿಲ್ಲ. ಪುಟ ರಿಫ್ರೆಶ್ ಮಾಡುತ್ತಾರೆ, ಹೊರಹೋಗಿ ಒಳಬರುತ್ತಾರೆ, ಇಯರ್‌ಫೋನ್ ಕಿತ್ತು ಮತ್ತೆ ಚುಚ್ಚುತ್ತಾರೆ. ಅಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತದೆ. ಈ ಷರಾವನ್ನು ನಾವು ಹಾಗೆಯೇ ಒಪ್ಪಿಕೊಳ್ಳಬಾರದು ಎಂಬುದು ನನ್ನ ವಾದ.

‘ಈ ಮಗುವಿಗೆ ವ್ಯವಕಲನ ಬರುವುದಿಲ್ಲ’ ಎಂದು ಯಾರಾದರೂ ಬರೆದು ತಂದರೆ ನಾವು ಸುಮ್ಮನಿರುತ್ತೇವೆಯೇ? ದಶಕ ಬಿಡಿಸುವಲ್ಲಿ ಎಡವಿತೋ, ಸ್ಥಾನಬೆಲೆಯೇ ತಿಳಿದಿಲ್ಲವೋ, ನಡುವೆ ಸೊನ್ನೆ ಬಂದಾಗ ಮಾತ್ರ ತಪ್ಪುತ್ತದೋ ಎಂದು ಕೇಳುತ್ತೇವೆ. ನೈದಾನಿಕ ಪರೀಕ್ಷೆ ಇರುವುದೇ ಅದಕ್ಕೆ. ಮೈಕಿಗೂ ಅದೇ ಕ್ರಮ ಹೊಂದುತ್ತದೆ. ದನಿ ಬಾಯಿಂದ ಮೈಕಿಗೆ, ಅಲ್ಲಿಂದ ಕಂಪ್ಯೂಟರಿಗೆ, ಬ್ರೌಸರಿಗೆ, ಕೊನೆಗೆ ತರಗತಿ ನಡೆಯುತ್ತಿರುವ ವೆಬ್ ಆ್ಯಪ್‌ಗೆ ತಲುಪಬೇಕು. ಎಲ್ಲಿ ನಿಂತಿತು ಎಂಬುದಷ್ಟೇ ಪ್ರಶ್ನೆ.

ಈ ದಾರಿಯನ್ನು ನಡುವಿನಲ್ಲಿ ಕಡಿದು ನೋಡುವುದು ಜಾಣತನ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ ತೆರೆದು ಮಾತಾಡಿ. ಇನ್‌ಪುಟ್ ಮಟ್ಟದ ಗೆರೆ ಕುಣಿದರೆ ಮೈಕೂ ಸರಿ, ತಂತಿಯೂ ಸರಿ. ಇನ್ನು ಅವುಗಳನ್ನು ಮುಟ್ಟಬೇಕಿಲ್ಲ. ತೊಂದರೆ ಅದರಾಚೆ ಇದೆ. ಮೊದಲ ದಿನ ಮೈಕಿಗೆ ಅನುಮತಿ ಕೇಳುವ ಚೌಕ ಬಂದಾಗ ಗಡಿಬಿಡಿಯಲ್ಲಿ ‘ಬ್ಲಾಕ್’ ಒತ್ತಿದ್ದರೆ ಬ್ರೌಸರ್ ಅದನ್ನು ನೆನಪಿಟ್ಟುಕೊಂಡು ಮತ್ತೆ ಕೇಳದೆ ಇರುತ್ತದೆ. ನೂರು ಸಲ ರಿಫ್ರೆಶ್ ಮಾಡಿದರೂ ಅಷ್ಟೆ. ವಿಳಾಸದ ಎಡಕ್ಕಿರುವ ಗುರುತನ್ನು ಒತ್ತಿ, ಮೈಕ್ರೊಫೋನ್‌ಗೆ ‘ಅಲೋ’ ಕೊಟ್ಟು, ಪುಟವನ್ನು ಮತ್ತೆ ತೆರೆಯಬೇಕು. ವಿಂಡೋಸ್‌ನ ಪ್ರೈವೆಸಿ ವಿಭಾಗದಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಮೈಕ್ ಮುಚ್ಚಿದ್ದರೆ ಬ್ರೌಸರಿಗೂ ಮುಚ್ಚಿದಂತೆ. ಎರಡೂ ಕಡೆ ಅನುಮತಿ ಇದ್ದೂ ಮೌನವೆಂದರೆ, ಆ್ಯಪ್ ಯಾವ ಮೈಕನ್ನು ಆರಿಸಿಕೊಂಡಿದೆ ನೋಡಿ. ಪಕ್ಕದ ಕೋಣೆಯಲ್ಲಿ ಬಿಟ್ಟು ಬಂದ ಬ್ಲೂಟೂತ್ ಹೆಡ್‌ಸೆಟ್ ಇನ್ನೂ ಸಂಪರ್ಕದಲ್ಲಿರುವುದುಂಟು.

ಗೆರೆ ಕುಣಿಯಲೇ ಇಲ್ಲವೆಂದರೆ ಕೀಲಿಮಣೆಯ ಮ್ಯೂಟ್ ಗುಂಡಿ, ಆಮೇಲೆ ಪಿನ್ನು. ಲ್ಯಾಬಿನ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಕೇಳುವುದಕ್ಕೆ ಹಸಿರು ತೂತು, ಮಾತಿಗೆ ಗುಲಾಬಿ. ಮೊಬೈಲಿನ ಇಯರ್‌ಫೋನಿನಲ್ಲಿ ಎರಡೂ ಒಂದೇ ಪಿನ್ನಿನಲ್ಲಿವೆ. ಅದರ ಮೇಲೆ ಎರಡಲ್ಲ, ಮೂರು ಉಂಗುರಗಳಿರುತ್ತವೆ. ಹಸಿರಿಗೆ ಚುಚ್ಚಿದರೆ ಕಿವಿಗೆ ಕೇಳಿಸುತ್ತದೆ, ದನಿ ಹೋಗುವುದಿಲ್ಲ. ಎರಡು ಕವಲಿನ ಸಣ್ಣ ಸ್ಪ್ಲಿಟರ್ ಬೇಕು. ‘ನನಗೆ ನೀವು ಕೇಳಿಸುತ್ತಿದ್ದೀರಿ, ಹಾಗಾದರೆ ಇಯರ್‌ಫೋನ್ ಸರಿ ಇದೆ’ ಎಂಬ ತರ್ಕ ಕೈಕೊಡುವುದು ಇಲ್ಲಿಯೇ.

ಕಳೆದ ಬ್ಯಾಚಿನ ಪ್ರಶಿಕ್ಷಣಾರ್ಥಿಯೊಬ್ಬರು ಗಟ್ಟಿ ಓದಿನ ಅಭ್ಯಾಸಕ್ಕೆಂದು ಪುಟ್ಟ ವೆಬ್ ಆ್ಯಪ್ ಮಾಡಿದ್ದರು. ಮಗು ಓದಿದ್ದನ್ನು ಅದು ರೆಕಾರ್ಡ್ ಮಾಡಿಕೊಳ್ಳಬೇಕು. ಅವರ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ನಡೆಯಿತು. ಲ್ಯಾಬಿನ ಉಳಿದ ಕಂಪ್ಯೂಟರುಗಳಿಂದ ಅದೇ ಪುಟ ತೆರೆದರೆ ಅನುಮತಿ ಕೇಳುವ ಚೌಕವೇ ಬರಲಿಲ್ಲ. ಅವರು ಸೆಟ್ಟಿಂಗ್‌ಗಳನ್ನು ತಡಕಾಡಲಿಲ್ಲ. ಕೇಳಲೇ ಇಲ್ಲವೆಂದ ಮೇಲೆ ಯಾರೂ ನಿರಾಕರಿಸಿಲ್ಲ. ಎರಡು ಕಡೆಗೂ ಇರುವ ವ್ಯತ್ಯಾಸ ವಿಳಾಸದ್ದು ಮಾತ್ರ ಎಂದು ಹೇಳಿ ಅಲ್ಲಿಯೇ ಹುಡುಕಿದರು. 2015ರ ಕೊನೆಯಲ್ಲಿ ಬಂದ ಕ್ರೋಮ್ 47ರಿಂದ ಎಚ್‌ಟಿಟಿಪಿಎಸ್ ಇಲ್ಲದ ಪುಟಕ್ಕೆ ಮೈಕ್ ಸಿಗುವುದಿಲ್ಲ; ಅದೇ ಯಂತ್ರದೊಳಗಿನ ಲೋಕಲ್‌ಹೋಸ್ಟ್ ವಿಳಾಸಕ್ಕೆ ವಿನಾಯಿತಿ ಇದೆ. ಕಾರಣ ಸಿಕ್ಕಿತು. ಇಂಥ ತರ್ಕಕ್ಕೆ ಅಂಕ ಕೊಡಲು ನಮ್ಮ ನಮೂನೆಯಲ್ಲಿ ಕಾಲಂ ಇಲ್ಲ.

ಇದೆಲ್ಲ ತಂತ್ರಜ್ಞರ ಕೆಲಸ ಎನ್ನುವ ಸಹೋದ್ಯೋಗಿಗಳಿದ್ದಾರೆ. ನಮ್ಮವರು ನಾಳೆ ಹೋಗಿ ನಿಲ್ಲುವ ಬಹುಪಾಲು ಶಾಲೆಗಳಲ್ಲಿ ತಂತ್ರಜ್ಞರೆಲ್ಲಿ? ಅದಕ್ಕಿಂತ ನನ್ನನ್ನು ಕಾಡುವುದು ಮಗುವಿನ ಕಡೆಯ ಮೈಕು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದ ಮೇಲೆ ನಡೆದ ಪಾಠಗಳನ್ನು ನೆನಪಿಸಿಕೊಳ್ಳಿ. ಹೆಸರು ಹಿಡಿದು ಎರಡು ಸಲ ಕೂಗಿ, ಉತ್ತರ ಬಾರದಿದ್ದರೆ ಮುಂದಿನ ಹೆಸರಿಗೆ ಹೋಗುವುದೇ ರೂಢಿಯಾಗಿತ್ತು. ಅಪ್ಪನ ಫೋನಿನಲ್ಲಿ ಕೂತು ಉತ್ತರ ಹೇಳುತ್ತಲೇ ಇದ್ದ ಮಗು ‘ಪ್ರತಿಕ್ರಿಯಿಸಲಿಲ್ಲ’ ಎಂಬ ಪಟ್ಟಿಗೆ ಸೇರುತ್ತಿತ್ತು. ದನಿ ತಲುಪುತ್ತಿದೆಯೇ ಎಂದು ಖಚಿತವಾಗುವ ತನಕ ಮೌಖಿಕ ಉತ್ತರಕ್ಕೆ ಸೊನ್ನೆ ಹಾಕಬಾರದು. ಚಾಟ್‌ನಲ್ಲಿ ಬರೆಸಬಹುದು, ಕೈ ಎತ್ತಿಸಬಹುದು. ಇನ್ನೊಂದು ಮಾತು: ಗದ್ದಲ ತಗ್ಗಿಸುವ ಸೌಲಭ್ಯ ನಮ್ಮ ಮುಖ್ಯರಸ್ತೆಯ ಹಾರ್ನ್‌ಗಳ ಜೊತೆಗೆ ಮಕ್ಕಳ ಚಪ್ಪಾಳೆಯನ್ನೂ ನುಂಗಬಲ್ಲದು. ತಾಳ ಹಾಕಿಸಿ ಪದ್ಯ ಹೇಳಿಸುವವರು ಅದನ್ನು ಆರಿಸಿಡುವುದು ಒಳ್ಳೆಯದು.

ಇದನ್ನು ಐಸಿಟಿ ಪತ್ರಿಕೆಯಲ್ಲಿ ಐದು ಅಂಕದ ಟಿಪ್ಪಣಿ ಮಾಡುವುದು ನನಗೆ ಬೇಡ. ಸೂಕ್ಷ್ಮ ಬೋಧನೆಯ ಚಕ್ರ ನಮ್ಮ ಬಳಿ ಇದ್ದೇ ಇದೆ: ಆರು ನಿಮಿಷ ಬೋಧನೆ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು, ಆರು. ಒಂದು ಚಕ್ರವನ್ನು ಇದಕ್ಕೆ ಕೊಡೋಣ. ಸಹಪಾಠಿಯೊಬ್ಬರು ಗುಟ್ಟಾಗಿ ಒಂದೆಡೆ ಮೈಕ್ ಮುಚ್ಚಿಡಲಿ. ಬೋಧಿಸುವವರು ತಾವು ಏನನ್ನು ನೋಡುತ್ತಿದ್ದೇವೆ, ಯಾಕೆ ನೋಡುತ್ತಿದ್ದೇವೆ ಎಂದು ಬಾಯಿಬಿಟ್ಟು ಹೇಳುತ್ತಾ ಹುಡುಕಲಿ. ಮೂರು ನಿಮಿಷದಲ್ಲಿ ಸಿಗದಿದ್ದರೆ ಹುಡುಕಾಟ ನಿಲ್ಲಿಸಿ, ಫೋನಿನಿಂದ ಸೇರಿ ಪಾಠ ಮುಂದುವರಿಸಲಿ. ಅವಲೋಕನ ಹಾಳೆಯಲ್ಲಿ ‘ತಾಂತ್ರಿಕ ತೊಂದರೆ: ಹೌದು / ಇಲ್ಲ’ ಎಂಬ ಸಾಲು ಹೊಡೆದುಹಾಕಿ, ಆ ಜಾಗದಲ್ಲಿ ‘ದನಿ ಎಲ್ಲಿಯವರೆಗೆ ಬಂದಿತ್ತು?’ ಎಂದು ಬರೆಯೋಣ.