ಕೋಡಿಂಗ್ ಇಂಟರ್‌ವ್ಯೂ: ಮೊದಲು ಕನ್ನಡದಲ್ಲೇ ಬಿಡಿಸೋಣ

ಗಡಿನಾಡ ಗೆಳೆಯರೇ, ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಕೋಡಿಂಗ್ ಇಂಟರ್‌ವ್ಯೂ ಕೈಗೆಟುಕಲ್ಲ ಅನ್ನೋ ಮಾತು ಕಾಸರಗೋಡಿನಿಂದ ಅಕ್ಕಲಕೋಟೆವರೆಗೂ ಇದೆ. ನಾವು ಇದನ್ನು ಒಪ್ಪೋದಿಲ್ಲ.

ಅಲ್ಲಿ ಉತ್ತರ ಮಾತ್ರ ಅಲ್ಲ, ಉತ್ತರಕ್ಕೆ ಹೇಗೆ ಬಂದಿರಿ ಅನ್ನೋದನ್ನೂ ನೋಡ್ತಾರೆ. ತುಂಬಾ ಪರಿಚಿತ ಪ್ರಶ್ನೆ ಒಂದಿದೆ: 1000 ಸಂಖ್ಯೆಗಳಲ್ಲಿ, ಕೂಡಿದರೆ 100 ಆಗುವ ಎರಡನ್ನು ಹುಡುಕಿ. ಎಲ್ಲ ಜೋಡಿಗಳನ್ನೂ ನೋಡಹೊರಟರೆ 4,99,500 ಜೋಡಿ! ಅದರ ಬದಲು, ನೋಡಿದ ಸಂಖ್ಯೆಗಳನ್ನು ಹ್ಯಾಶ್ ಮ್ಯಾಪ್‌ನಲ್ಲಿ ಇಟ್ಕೊಂಡು, 35 ಬಂದಾಗ ‘65 ಮೊದಲೇ ಬಂದಿದೆಯಾ?’ ಅಂತ ಕೇಳಿದರೆ ಒಂದೇ ಸುತ್ತಿನಲ್ಲಿ ಮುಗೀತು. ನೂರರ ನೋಟಿಗೆ ಚಿಲ್ಲರೆ ಎಣಿಸುವ ನಮ್ಮೂರ ಅಂಗಡಿಯವರ ಲೆಕ್ಕವೇ ಇದು. ಇದಕ್ಕೆ ಇಂಗ್ಲಿಷ್ ಬೇಕಾ?

ಹಾಗಾಗಿ ಇಬ್ಬಿಬ್ಬರು ಜೊತೆಯಾಗಿ ದಿನಕ್ಕೊಂದು ಪ್ರಶ್ನೆ ತಗೊಳ್ಳಿ. ಒಬ್ಬರು ಕೇಳಲಿ, ಇನ್ನೊಬ್ಬರು ಕನ್ನಡದಲ್ಲಿ ಬಾಯಿಬಿಟ್ಟು ವಿವರಿಸಲಿ. ಲಾಜಿಕ್ ಗಟ್ಟಿಯಾದ ಮೇಲೆ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ, ಆಮೇಲೆ ಕೋಡ್ ಬರೆಯಿರಿ. ಊರಲ್ಲಿ ಯಾರೂ ಸಿಗದಿದ್ದರೆ ತಾಳವಾಡಿಯವರು ಜತ್ತದವರಿಗೆ ವಿಡಿಯೊ ಕಾಲ್ ಮಾಡಿ.

ಇಂಗ್ಲಿಷ್ ಕಲೀಲೇಬೇಕು, ನಿಜ. ಆದರೆ ಅದು ಬರೋವರೆಗೆ ಯೋಚನೆ ಮಾಡೋದನ್ನು ನಿಲ್ಲಿಸಬೇಕಿಲ್ಲ. ಜೊತೆಗಾರರು ಬೇಕಾದವರು ನಿಮ್ಮ ಊರು, ಜಾವಾನಾ ಪೈಥಾನಾ ಅಂತ ಕೆಳಗೆ ಬರೆಯಿರಿ. ಜೋಡಿ ನಾವು ಹೊಂದಿಸ್ತೀವಿ.